ಅವ್ವನ ಬೋರಮಾಳ

ಬನಹಟ್ಟಿಯ ನಮ್ಮ ಮನೆಯಲ್ಲಿ ಅವ್ವನ ಬೋರಮಾಳ ಕೊರಳಲ್ಲಿದ್ದದ್ದಕ್ಕಿಂತ ಸಾಹುಕಾರರ ತಿಜೋರಿಯಲ್ಲಿದ್ದದ್ದೇ ಹೆಚ್ಚು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅದು ಹೊರಗೆ ಹೋಗುತ್ತಿತ್ತು; ದೀಪಾವಳಿಯ ಸೀರೆ ವ್ಯಾಪಾರ ಚೆನ್ನಾಗಿ ಆದರೆ ಮರಳಿ ಬರುತ್ತಿತ್ತು. ಅಪ್ಪನಿಗೆ ಹರ್ನಿಯಾ ಆದಾಗ ಊರಿನ ಡಾಕ್ಟರರು ಒಂದೇ ಮಾತು ಹೇಳಿದರು: “ಮಿರಜಕ್ಕ ಒಯ್ಯಿರಿ.” ಕುಡಚಿಯ ತನಕ ಬಸ್ಸು, ಅಲ್ಲಿಂದ ರೈಲು. ಆ ಸಲ ಹೋದ ಬೋರಮಾಳ ಮೂರು ವರ್ಷ ಬರಲಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಎಲ್ಲಿ ಕೇಳಿದರೂ ಹಳೆಯ ಹೆಣ್ಣುಮಕ್ಕಳ ಬಾಯಲ್ಲಿ ಈ ಮಿರಜದ ಕಥೆ ಇದ್ದೇ ಇರುತ್ತದೆ. ಅಮೆರಿಕದ ಮಿಶನ್ ಡಾಕ್ಟರ್ ವಾನ್ಲೆಸ್ 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಈ ಭಾಗದ ರೋಗಿಗಳ ದಾರಿ ಅತ್ತಲೇ ಹೊರಳಿತು. ಜಮಖಂಡಿಯ ಪಟವರ್ಧನರ ಸಂಸ್ಥಾನವೂ ಮುಧೋಳದ ಘೋರ್ಪಡೆಯವರ ಸಂಸ್ಥಾನವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗಳು ಇಷ್ಟು ಸಲ ಬದಲಾದರೂ, ಬೇನೆ ಬಂದಾಗ ಬಂಗಾರ ಅಡವಿಡುವ ಪದ್ಧತಿ ಮಾತ್ರ ಬದಲಾಗಲಿಲ್ಲ.

ಕೂಡಿ ದುಡ್ಡು ಹಾಕುವುದು ನಮಗೆ ಹೊಸದೇನಲ್ಲ. ನಮ್ಮ ಓಣಿಯಲ್ಲಿ ಭಿಶಿ ಹಾಕದ ಹೆಂಗಸೇ ಇರಲಿಲ್ಲ. ಆದರೆ ಭಿಶಿಯಲ್ಲಿ ಹಾಕಿದಷ್ಟು ದುಡ್ಡು ಎಂದಾದರೂ ನಮ್ಮ ಕೈಗೇ ಬರುತ್ತದೆ. ವಿಮೆಯಲ್ಲಿ ಹಾಗಲ್ಲ, ಆರೋಗ್ಯವಾಗಿದ್ದವರ ದುಡ್ಡು ಬೇನೆ ಬಿದ್ದವರಿಗೆ ಹೋಗುತ್ತದೆ. “ನಮಗ ಏನೂ ಆಗಲಿಲ್ಲಂದ್ರ ರೊಕ್ಕ ಹೋತಲ್ಲವಾ?” ಎಂದು ಅವ್ವ ಕೇಳುತ್ತಿದ್ದಳು. ಏನೂ ಆಗದಿರುವುದೇ ಲಾಭ ಎಂದು ಅವಳಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಎಲ್ಲರೂ ಹೀಗೆಯೇ ಯೋಚಿಸಿದರೆ ಬೇನೆಯವರಷ್ಟೇ ವಿಮೆಗೆ ಬರುತ್ತಾರೆ, ಕಂತು ಏರುತ್ತದೆ, ಉಳಿದವರೂ ಬಿಟ್ಟು ಹೋಗುತ್ತಾರೆ. ಆ ಭಯಕ್ಕೇ ಕಂಪನಿಯವರು ಬಾಗಿಲಲ್ಲಿ ನಿಂತು ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ವಯಸ್ಸಾಯಿತು ಎಂದು ಆರಿಸತೊಡಗುತ್ತಾರೆ.

ಸರಕಾರ ಸುಮ್ಮನೆ ಕೂತಿರಲಿಲ್ಲ. 1948ರಲ್ಲಿ ಕಾರ್ಮಿಕರ ಇಎಸ್‌ಐ ಕಾಯಿದೆ ಬಂತು. ಆದರೆ ಅದು ಕಾರಖಾನೆಯವರಿಗೆ. ಪಡಸಾಲೆಯಲ್ಲಿ ನಾಲ್ಕು ಮಗ್ಗ ಹಾಕಿಕೊಂಡ ನಮ್ಮಂಥವರ ಮನೆ ಅದರ ಲೆಕ್ಕದಲ್ಲಿ ಕಾರಖಾನೆಯಲ್ಲ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು, 1986ರಲ್ಲಿ ಸರಕಾರಿ ಕಂಪನಿಗಳು ಮೆಡಿಕ್ಲೇಮ್ ತಂದವು. ಅದು ನೌಕರದಾರರ, ವ್ಯಾಪಾರಸ್ಥರ ಮನೆಗಳಿಗೆ ಮುಟ್ಟಿತು. ಕಂಡಿಕೆ ಸುತ್ತುವ ಅವ್ವನ ತನಕ ಬರಲಿಲ್ಲ.

ಬಂದದ್ದು ಸಹಕಾರ ಸಂಘದ ಬಾಗಿಲಿಂದ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ. ಸುಮಾರು ನೂರು ವರ್ಷದ ಮೇಲೆ, 2003ರ ಜೂನ್‌ನಲ್ಲಿ, ಅದೇ ಸಂಘಗಳ ಮೂಲಕ ‘ಯಶಸ್ವಿನಿ’ ಶುರುವಾಯಿತು. ಹೃದಯದ ಡಾಕ್ಟರ್ ದೇವಿ ಶೆಟ್ಟಿಯವರ ವಿಚಾರಕ್ಕೆ ರಾಜ್ಯದ ಸಹಕಾರ ಇಲಾಖೆ ಕೈಜೋಡಿಸಿತ್ತು. ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನಡುವೆ ವಿಮಾ ಕಂಪನಿ ಇರಲಿಲ್ಲ. ದುಡ್ಡು ಒಂದು ಟ್ರಸ್ಟಿನಲ್ಲಿ ಕೂಡುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಸಂಘಕ್ಕೆ ಸಂಘವೇ ಸೇರಿದ್ದರಿಂದ ಒಬ್ಬೊಬ್ಬರನ್ನೇ ಆರಿಸುವ ಪ್ರಶ್ನೆ ಬರಲಿಲ್ಲ.

ಮುಧೋಳದ ಕಡೆಯ ಹಳ್ಳಿಗೆ ಕೊಟ್ಟ ನನ್ನ ತಂಗಿಗೆ ಪಿತ್ತಕೋಶದಲ್ಲಿ ಹರಳಾದಾಗ ಆಪರೇಶನ್ ಆದದ್ದು ಈ ಚೀಟಿಯ ಮೇಲೆ, ಬಾಗಲಕೋಟೆಯಲ್ಲಿ. ಅವಳ ಪಾಟ್ಲಿ ಕೈಯಲ್ಲೇ ಉಳಿದವು. “ಅಕ್ಕಾ, ಬಿಲ್ಲಿನ ಮ್ಯಾಲ ಸಹಿ ಅಷ್ಟ ಮಾಡಿ ಬಂದೇನಿ ನೋಡ” ಎಂದು ನಕ್ಕಳು. ಆದರೆ ಅವಳ ಕಬ್ಬಿನ ಗದ್ದೆಗೆ ಕೂಲಿಗೆ ಬರುತ್ತಿದ್ದವಳಿಗೆ ಆ ಚೀಟಿ ಇರಲಿಲ್ಲ. ಹೊಲವಿಲ್ಲ, ಸೊಸೈಟಿಯಲ್ಲಿ ಹೆಸರಿಲ್ಲ. ಮೇಲಾಗಿ ಯಶಸ್ವಿನಿ ಮುಖ್ಯವಾಗಿ ಶಸ್ತ್ರಕ್ರಿಯೆಗೆ. ದಿನಾ ನುಂಗುವ ಗುಳಿಗೆಗೆ ಅಲ್ಲ.

2005ರ ಹೊತ್ತಿಗೆ ಕೈಮಗ್ಗದ ನೇಕಾರರಿಗೆಂದು ಕೇಂದ್ರ ಸರಕಾರ ಖಾಸಗಿ ಕಂಪನಿಯ ಮೂಲಕ ಬೇರೆ ವಿಮೆ ತಂದಿತು. ವರ್ಷಕ್ಕೆ 15,000 ರೂಪಾಯಿಯ ತನಕ, ಹೊರರೋಗಿ ಚಿಕಿತ್ಸೆಯೂ ಸೇರಿ. ಆದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಷ್ಟೇ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಮ್ಮುತ್ತಿದ್ದ ಅತ್ತೆ ಆ ಲೆಕ್ಕಕ್ಕೆ ಬರಲಿಲ್ಲ. ಅಷ್ಟರಲ್ಲಿ ರಬಕವಿ-ಬನಹಟ್ಟಿಯ ಎಷ್ಟೋ ಮನೆಗಳಲ್ಲಿ ಪಾವರ್‌ಲೂಮಿನ ಸದ್ದು ಎದ್ದಿತ್ತು, ಅವರೂ ಹೊರಗೇ.

ಹಾಗಾಗಿ ಅತ್ತೆಗೆಂದು ಒಂದು ಖಾಸಗಿ ಪಾಲಿಸಿ ಮಾಡಿಸಲು ಹೋದೆ. ಕಚೇರಿಯ ಹುಡುಗ ವಯಸ್ಸು ಕೇಳಿ ಫಾರ್ಮನ್ನೇ ಹಿಂದಕ್ಕೆ ಎಳೆದುಕೊಂಡ. “ಬಾಯಾರ, ಎಪ್ಪತ್ತಾದವರಿಗೆ ಬರಂಗಿಲ್ಲ.” ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೆ ಏನು ಹೇಳಲಿ ಎಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಆ ಬಾಗಿಲುಗಳು ನಿಧಾನವಾಗಿ ತೆರೆದವು. 2011ರಲ್ಲಿ ಕಂಪನಿ ಬದಲಿಸಿದರೂ ಹಳೆಯ ವರ್ಷಗಳ ಲಾಭ ಉಳಿಯುವ ನಿಯಮ ಬಂತು. 2013ರಲ್ಲಿ ಜೀವಮಾನವಿಡೀ ನವೀಕರಣ ಕಡ್ಡಾಯವಾಯಿತು. 2024ರಲ್ಲಿ ವಯಸ್ಸಿನ ಮಿತಿ ಹೋಯಿತು, ಹಳೆಯ ರೋಗಕ್ಕೆ ಕಾಯುವ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ 18 ಶೇಕಡಾ ಜಿಎಸ್‌ಟಿಯೂ ಹೋಯಿತು. ಅತ್ತೆ ಇದಾವುದನ್ನೂ ನೋಡಲಿಲ್ಲ. ಮತ್ತೆ ಬಾಗಿಲು ತೆರೆದರೂ ಹೊಸ್ತಿಲು ಎತ್ತರವೇ ಇದೆ: ಎಪ್ಪತ್ತರ ಮುದುಕಿಗೆ ಕೇಳುವ ಕಂತು ನೇಕಾರರ ಮನೆ ಕೊಡುವಂಥದ್ದಲ್ಲ.

ಬಡವರಿಗೆ ನಿಜವಾಗಿ ಆಸರೆಯಾದದ್ದು ಸರಕಾರದ ಯೋಜನೆಗಳೇ. 2018ರಲ್ಲಿ ಯಶಸ್ವಿನಿ ‘ಆರೋಗ್ಯ ಕರ್ನಾಟಕ’ದಲ್ಲಿ ಕರಗಿತು, ಅದೇ ವರ್ಷ ಆಯುಷ್ಮಾನ್ ಜೊತೆಗೂಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಆಯಿತು. ಸಹಕಾರಿಗಳ ಒತ್ತಾಯಕ್ಕೆ 2022ರ ಕೊನೆಗೆ ಯಶಸ್ವಿನಿ ನೋಂದಣಿ ಮತ್ತೆ ತೆರೆಯಿತು. 2024ರಿಂದ ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಎಂದು ಕೇಂದ್ರ ಸಾರಿತು. ಚೀಟಿಯೇನೋ ಇದೆ. ಚೀಟಿ ನಡೆಯುವ ದವಾಖಾನೆ ಹತ್ತಿರವಿರಬೇಕು, ಜೊತೆಗೆ ಹೋದವರ ಎರಡು ದಿನದ ಕೂಲಿಯ ಲೆಕ್ಕ ಯಾರಾದರೂ ಇಡಬೇಕು.

ಅವ್ವನ ಬೋರಮಾಳ ಈಗ ನನ್ನ ಟ್ರಂಕಿನಲ್ಲಿದೆ. ಸೊಸೆಗೆ ಕೊಡಲು ಹೋದರೆ ಅವಳು, “ಇರಲಿ ಬಿಡ್ರಿ ಅತ್ತಿ, ನಾಳೆ ಯಾರಿಗರ ಏನರ ಆದ್ರ ಬೇಕಾಗತೈತಿ” ಎನ್ನುತ್ತಾಳೆ. ಮನೆಯಲ್ಲಿ ಎರಡು ಕಾರ್ಡುಗಳಿವೆ, ಆದರೂ ಅವಳ ಬಾಯಲ್ಲಿ ಅವ್ವನ ಮಾತೇ ಬರುತ್ತದೆ. ಅವಳು ಅದನ್ನು ಹಾಕಿಕೊಂಡು ನಿಶ್ಚಿಂತೆಯಿಂದ ಜಾತ್ರೆಗೆ ಹೋದ ದಿನ, ವಿಮೆ ನಮ್ಮ ಮನೆಗೆ ಬಂತು ಎಂದುಕೊಳ್ಳುತ್ತೇನೆ.