ವಡೋದರಕ್ಕೆ ಬಂದ ನಮ್ಮ ಕಡೆಯ ಮನೆತನ

ಕಳೆದ ಬೇಸಿಗೆಯಲ್ಲಿ ಊರಿನಿಂದ ಅಣ್ಣನ ಫೋನು ಬಂತು. ಮಳೆ, ತೊಗರಿ ಬೆಲೆ, ಮಂಡಿನೋವು ಎಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. "ನೀ ಏನು ಇನ್ನ ಊರಿಗೆ ಬಂದು ಇರಾವಲ್ಲ. ನಿನ್ನ ಮಕ್ಕಳಂತೂ ಬರಾದೇ ಇಲ್ಲ. ಹೊಲ, ಮನಿ ಎಲ್ಲಾ ನಾವೇ ನೋಡ್ಕೊಂಡು ಬಂದೀವಿ. ಒಂದು ಹಕ್ಕುಬಿಡುಗಡೆ ಪತ್ರ ಕಳಸ್ತೀನಿ, ಸಹಿ ಹಾಕಿಬಿಡು."

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಬರೀ ಆಸ್ತಿಯ ಮಾತಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ಆ ಸಹಿ ಹಾಕಿದ ಮೇಲೆ ನಾನು ಯಾವ ಊರಿನವನು ಅನ್ನೋದು ನಿಜವಾದ ಪ್ರಶ್ನೆಯಾಗಿತ್ತು.

ನಮ್ಮ ಊರು ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಮಳಖೇಡದ ಹತ್ತಿರ. ಕಾರ್ಖಾನೆಯ ನೌಕರಿ ಹಿಡಿದು ವಡೋದರಕ್ಕೆ ಬಂದದ್ದು 1984ರಲ್ಲಿ. ಎರಡು ವರ್ಷ ಇದ್ದು ವಾಪಸ್ ಹೋಗೋಣ ಅಂದುಕೊಂಡಿದ್ದೆ. ಪರಸ್ಥಳಕ್ಕೆ ಹೋದವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ, ನಿಮಗೂ ಗೊತ್ತು. ಈಗ ಆಲ್ಕಾಪುರಿಯಲ್ಲಿ ಮಗಳ ಮನೆಯ ಮಹಡಿಯಲ್ಲಿದ್ದೇನೆ. ಆಲ್ಕಾಪುರಿ ಅಂದರೆ ಆಲದ ಮರದ ಪುರ ಇರಬೇಕು ಅಂತ ಮೊದಮೊದಲು ತಿಳಿದಿದ್ದೆ. ಹಾಗಲ್ಲವಂತೆ, ಅದು ಕುಬೇರನ ಅಲಕಾಪುರಿ. ಆದರೆ ಆಲದ ಮರಕ್ಕೂ ಈ ಊರಿಗೂ ಸಂಬಂಧ ಇದ್ದೇ ಇದೆ. ವಡೋದರಾ ಎಂಬ ಹೆಸರಿನಲ್ಲಿರುವ 'ವಡ' ಅಂದರೆ ವಟ, ಅಂದರೆ ನಮ್ಮ ಆಲವೇ. ಆ ಹೆಸರು ಮೊದಲು ಬರಹದಲ್ಲಿ ಕಾಣುವುದು ನಮ್ಮ ಕಡೆಯಿಂದ ಬಂದ ಒಂದು ಮನೆತನದ ತಾಮ್ರಪಟದಲ್ಲಿ. ನಿದ್ದೆ ಬಾರದ ಆ ರಾತ್ರಿ ನೆನಪಾದದ್ದು ಆ ಮನೆತನ.

ನಾವು ಶಾಲೆಯಲ್ಲಿ ಓದಿದ ರಾಷ್ಟ್ರಕೂಟರ ಚರಿತ್ರೆ ಮಾನ್ಯಖೇಟದ ಸುತ್ತಲೇ ತಿರುಗುತ್ತದೆ. ದಂತಿದುರ್ಗ, ಕೃಷ್ಣ, ಧ್ರುವ, ಗೋವಿಂದ, ಅಮೋಘವರ್ಷ ಅಂತ ಬಾಯಿಪಾಠ ಮಾಡಿದ್ದೆವು. ಅದೇ ಮನೆತನದ ಇನ್ನೊಂದು ಕವಲು ಗುಜರಾತಿನಲ್ಲಿ ಬೇರು ಬಿಟ್ಟು ಸುಮಾರು ತೊಂಬತ್ತು ವರ್ಷ ಬಾಳಿತು ಎಂಬುದನ್ನು ಮೇಷ್ಟ್ರು ಹೇಳಿದ ನೆನಪಿಲ್ಲ. ಈಗಿನ ದಕ್ಷಿಣ ಗುಜರಾತ್, ಅಂದರೆ ವಡೋದರ, ಭರೂಚ್, ಸೂರತ್, ನವಸಾರಿಯ ಸೀಮೆಗೆ ಆಗ ಲಾಟ ಎಂದು ಹೆಸರು.

ಲಾಟಕ್ಕೆ ತಮ್ಮನನ್ನು ಕಳಿಸುವ ಪದ್ಧತಿ ರಾಷ್ಟ್ರಕೂಟರಿಂದ ಶುರುವಾದದ್ದಲ್ಲ. ಅವರಿಗಿಂತ ಮುಂಚೆ ಬಾದಾಮಿಯ ಚಾಲುಕ್ಯರೂ ಅದನ್ನೇ ಮಾಡಿದ್ದರು. ಇಮ್ಮಡಿ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ತನ್ನ ತಮ್ಮ ಧರಾಶ್ರಯ ಜಯಸಿಂಹನಿಗೆ ಈ ಸೀಮೆಯನ್ನು ಒಪ್ಪಿಸಿದ. ಆ ಜಯಸಿಂಹನ ಮಗ ಅವನಿಜನಾಶ್ರಯ ಪುಲಕೇಶಿ, ಸಿಂಧ್ ಕಡೆಯಿಂದ ನುಗ್ಗಿ ಬಂದ ಅರಬ್ಬರ ಸೈನ್ಯವನ್ನು ನವಸಾರಿಯ ಬಳಿ ತಡೆದ. 739ರ ಅವನ ನವಸಾರಿ ಶಾಸನ ಅದನ್ನು ಹೆಮ್ಮೆಯಿಂದ ಹೇಳುತ್ತದೆ. ಬಾದಾಮಿಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಸಂತೋಷಪಟ್ಟು ಅವನಿಗೆ ಬಿರುದುಗಳನ್ನು ಕೊಟ್ಟ. 'ದಕ್ಷಿಣಾಪಥಕ್ಕೆ ಆಧಾರಕಂಬ' ಎಂಬ ಅರ್ಥದ್ದೂ ಅವುಗಳಲ್ಲಿ ಒಂದು. ನೋಡಿ, ಕಂಬ ನಿಂತದ್ದು ಮನೆಯ ಹೊರಗೆ, ಮಾಡು ಮಾತ್ರ ಬಾದಾಮಿಯದು.

ಆಮೇಲೆ ಬಂದವರು ರಾಷ್ಟ್ರಕೂಟರು. ತಾವು ಲತ್ತಲೂರಿನ ಒಡೆಯರು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅದು ಈಗ ಮಹಾರಾಷ್ಟ್ರದಲ್ಲಿರುವ ಲಾತೂರು, ನಮ್ಮ ಬೀದರಿಗೆ ನೆರೆಯ ಊರು. ಧ್ರುವ ಧಾರಾವರ್ಷನಿಗೆ ಹಲವು ಗಂಡುಮಕ್ಕಳು. ಹಿರಿಯನಾದ ಕಂಬನನ್ನು ಬಿಟ್ಟು ಮೂರನೆಯ ಗೋವಿಂದನಿಗೆ ಪಟ್ಟ ಕಟ್ಟಿದ. ಕಂಬ ಸುಮ್ಮನಿದ್ದಾನೆಯೇ? ಹನ್ನೆರಡು ಅರಸರನ್ನು ಕೂಡಿಸಿಕೊಂಡು ತಿರುಗಿಬಿದ್ದ. ಆಗ ಗೋವಿಂದನ ಪಕ್ಕಕ್ಕೆ ನಿಂತವನು ತಮ್ಮ ಇಂದ್ರ. ಗೆದ್ದ ಮೇಲೆ ಗೋವಿಂದ ಕಂಬನನ್ನು ಕ್ಷಮಿಸಿ ಗಂಗವಾಡಿಯನ್ನು ಮತ್ತೆ ಅವನಿಗೇ ಕೊಟ್ಟ, ಇಂದ್ರನಿಗೆ ಲಾಟವನ್ನು ಕೊಟ್ಟ. ಇದು ಸುಮಾರು 800ರ ಹೊತ್ತಿನ ಮಾತು. ಆಗ ಮಾನ್ಯಖೇಟ ರಾಜಧಾನಿ ಆಗಿರಲಿಲ್ಲ. ಅದನ್ನು ಕಟ್ಟಿ ಬೆಳೆಸಿದವನು ಮುಂದೆ ಬಂದ ಅಮೋಘವರ್ಷ. ಹೊರಟುಹೋದ ತಮ್ಮ ಊರಿನಲ್ಲಿ ಉಳಿದವರು ಕಟ್ಟಿದ ಮನೆಯನ್ನು ನೋಡಲೇ ಇಲ್ಲ. ನಾನು ಊರು ಬಿಟ್ಟ ಮೇಲೆ ಅಣ್ಣ ಹಾಕಿಸಿದ ಆರ್‌ಸಿಸಿ ಮಹಡಿ ನೆನಪಾಯಿತು.

ಇಂದ್ರನ ಮಗ ಕರ್ಕ, ಬಿರುದು ಸುವರ್ಣವರ್ಷ. ಅವನು ಶಕ 734ರಲ್ಲಿ, ಅಂದರೆ 812ರಲ್ಲಿ, ಒಂದು ಹಳ್ಳಿಯನ್ನು ಭಾನು ಎಂಬ ಬ್ರಾಹ್ಮಣನಿಗೆ ದಾನ ಕೊಟ್ಟ. ಹಳ್ಳಿಯ ಹೆಸರು ವಡಪದ್ರಕ. ಅಂಕೋಟ್ಟಕ ಎಂಬ ಎಂಬತ್ತನಾಲ್ಕು ಹಳ್ಳಿಗಳ ವಿಭಾಗಕ್ಕೆ ಅದು ಸೇರಿತ್ತು. ಈ ವಡಪದ್ರಕವೇ ಇವತ್ತಿನ ವಡೋದರ. ಅಂಕೋಟ್ಟಕ ಅಂದರೆ ಅಕೋಟಾ. ನಮ್ಮ ಆಲ್ಕಾಪುರಿಗೆ ಅಂಟಿಕೊಂಡೇ ಇದೆ, ಸಂಜೆ ವಾಕಿಂಗ್ ಹೋದರೆ ಮುಟ್ಟುತ್ತೇನೆ. ಆಗ ಅಂಕೋಟ್ಟಕ ದೊಡ್ಡದು, ವಡಪದ್ರಕ ಅದರ ಕೈಕೆಳಗಿನ ಹಳ್ಳಿ. ಈಗ ಅದು ತಿರುವುಮುರುವಾಗಿ ಅಕೋಟಾ ವಡೋದರದ ಒಂದು ಬಡಾವಣೆಯಾಗಿದೆ. 1951ರಲ್ಲಿ ಅಲ್ಲಿ ಸಿಕ್ಕಿದ ಜೈನ ಕಂಚಿನ ಮೂರ್ತಿಗಳನ್ನು ನೋಡಲು ಇಲ್ಲಿಯ ಸಯಾಜಿಬಾಗಿನ ಮ್ಯೂಸಿಯಂಗೆ ಹೋಗಬೇಕು. ಊರಿನಿಂದ ನೆಂಟರು ಬಂದರೆ ನಾನು ಮೊದಲು ಅಲ್ಲಿಗೇ ಕರೆದೊಯ್ಯೋದು.

ದಾನ ಪಡೆದ ಭಾನುವಿನ ಮನೆಯವರೂ ಇಲ್ಲಿನವರಲ್ಲ. ಸೌರಾಷ್ಟ್ರದ ವಲಭಿಯಿಂದ ಬಂದವರು. ಕೊಟ್ಟವನು ತೆಂಕಣದವನು, ತೆಗೆದುಕೊಂಡವನು ಪಡುವಣದವನು. ಈ ಊರಿನ ಹೆಸರು ಮೊದಲು ದಾಖಲಾದದ್ದೇ ಇಬ್ಬರು ಪರಸ್ಥಳದವರ ನಡುವಿನ ಕಾಗದಪತ್ರದಲ್ಲಿ! "ಆಪ್ ಬಾಹರ್ ಕೇ ಹೈಂ" ಅಂತ ಯಾರಾದರೂ ಅಂದಾಗ ನನಗೆ ಇದು ನೆನಪಾಗಿ ಒಳಗೊಳಗೇ ನಗು ಬರುತ್ತದೆ.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಗೌಡ, ವಂಗಗಳನ್ನು ಗೆದ್ದು ಬೀಗುತ್ತಿದ್ದ ಗುರ್ಜರ ದೊರೆಯಿಂದ ಮಾಳವವನ್ನು ಕಾಯಲು, ಒಡೆಯನು ಕರ್ಕನ ತೋಳನ್ನು ಬಾಗಿಲ ಅಗುಳಿ ಮಾಡಿಕೊಂಡಿದ್ದ ಎಂಬ ಹೋಲಿಕೆ. ಅಗುಳಿ ಅಂದರೆ ಸರಿಯಾದ ಮಾತು. ಮನೆಯ ಒಳಗಿನವರು ನಿಶ್ಚಿಂತೆಯಿಂದ ಮಲಗಲಿ ಅಂತ ಅದು ಬಾಗಿಲಲ್ಲಿ ಇರುತ್ತದೆ. ಯಾರೂ ಅಗುಳಿಗೆ ಪೂಜೆ ಮಾಡೋದಿಲ್ಲ.

ಕರ್ಕ ಒಳಗಿನ ಮನೆಯನ್ನೂ ಕಾಯಬೇಕಾಯಿತು. 814ರಲ್ಲಿ ಗೋವಿಂದ ತೀರಿಕೊಂಡಾಗ ಮಗ ಅಮೋಘವರ್ಷನಿಗೆ ಹದಿನಾಲ್ಕರ ಆಸುಪಾಸು. ಸಾಮಂತರು ದಂಗೆಯೆದ್ದರು, ಹುಡುಗನ ಸಿಂಹಾಸನ ಅಲ್ಲಾಡಿತು. ಅವನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿದವನು ಲಾಟದಲ್ಲಿದ್ದ ಚಿಕ್ಕಪ್ಪನ ಮಗ ಕರ್ಕ. 821ರ ಸೂರತ್ ತಾಮ್ರಪಟದ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಇದೇ ಪಟದಲ್ಲಿ ಅವನು ನವಸಾರಿಯ ಜೈನರಿಗೆ ಭೂಮಿ ಬಿಟ್ಟ ಸಂಗತಿಯೂ ಇದೆ.

ಈ ಹುಡುಗನೇ ಮುಂದೆ ನೃಪತುಂಗ. 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಹಾಗಾದರೆ ನೃಪತುಂಗ ಹುಟ್ಟಿದ್ದೆಲ್ಲಿ? ಗೋವಿಂದ ಉತ್ತರದ ದಂಡಯಾತ್ರೆಯಿಂದ ಮರಳುವಾಗ ನರ್ಮದೆಯ ಸೀಮೆಯ ಶ್ರೀಭವನ ಎಂಬಲ್ಲಿ ಬೀಡುಬಿಟ್ಟಿದ್ದ. ಮಗ ಹುಟ್ಟಿದ್ದು ಅಲ್ಲಿ. ಈ ಶ್ರೀಭವನವನ್ನು ವಿದ್ವಾಂಸರು ನಮ್ಮ ಪಕ್ಕದ ಭರೂಚ್ ಜಿಲ್ಲೆಯ ಸರ್ಭೋಣ್ ಎಂದು ಗುರುತಿಸಿದ್ದಾರೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಅಂತ ಗೆರೆ ಹಾಕಿಕೊಟ್ಟ ಪುಸ್ತಕ ಯಾರ ಆಸ್ಥಾನದ್ದೋ ಆ ದೊರೆ ಹುಟ್ಟಿದ್ದು ಗೆರೆಯ ಆಚೆ. ಅವನ ಗದ್ದುಗೆ ಉಳಿಸಿದ ದಾಯಾದಿ ಬಾಳಿದ್ದೂ ಗೆರೆಯ ಆಚೆಯೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನೆತನಗಳ ಕಥೆ ಹಾಗೆ ಮುಗಿಯೋದಿಲ್ಲ. ಕರ್ಕನ ಮಗ ಒಂದನೆಯ ಧ್ರುವನ 835ರ ತಾಮ್ರಪಟ ವಡೋದರದಲ್ಲೇ ಸಿಕ್ಕಿದೆ. ಅವನ ಕಾಲಕ್ಕೆ ಎರಡು ಮನೆಗಳ ಪ್ರೀತಿ ಹಳಸಿತು. ಕಾರಣ ಏನೆಂದು ಶಾಸನಗಳು ಹೇಳುವುದಿಲ್ಲ. ದಾಯಾದಿಗಳ ಜಗಳಕ್ಕೆ ಕಾರಣ ಬೇರೆ ಬೇಕೇ? 'ವಲ್ಲಭ'ನ ಸೈನ್ಯದೊಡನೆ ಕಾದಾಡುತ್ತಾ ಧ್ರುವ ರಣದಲ್ಲಿ ಸತ್ತ. ವಲ್ಲಭ ಅಂದರೆ ಅಮೋಘವರ್ಷನೇ ಎಂದು ಇತಿಹಾಸಕಾರರು ಹೇಳುತ್ತಾರೆ. ಅಪ್ಪ ಗದ್ದುಗೆಗೆ ಕೂರಿಸಿದವನ ಸೈನ್ಯವೇ ಮಗನನ್ನು ಕೊಂದಿತು. ಧ್ರುವನ ಮಗ ಅಕಾಲವರ್ಷ ಕಳೆದುಹೋದ ಸೀಮೆಯನ್ನು ಮತ್ತೆ ಗಳಿಸಿದ. ಮೊಮ್ಮಗ ಇಮ್ಮಡಿ ಧ್ರುವನ ಪಾಡು ಇನ್ನೂ ಕಷ್ಟದ್ದು. 867ರ ಬಗುಮ್ರಾ ಶಾಸನದ ಪ್ರಕಾರ ಅವನಿಗೆ ಒಂದು ಕಡೆ ಗುರ್ಜರರು, ಇನ್ನೊಂದು ಕಡೆ ವಲ್ಲಭ, ಸಾಲದ್ದಕ್ಕೆ ಸ್ವಂತ ನಂಟರೇ ಎದುರಾಳಿಗಳು. ಉತ್ತರದ ಮಿಹಿರಭೋಜನ ಸೈನ್ಯವನ್ನು ಅವನು ಹಿಮ್ಮೆಟ್ಟಿಸಿದ. ಆ ಹೊತ್ತಿಗೆ ಮಾನ್ಯಖೇಟದೊಡನೆ ರಾಜಿಯಾಗಿದ್ದಂತೆ ಕಾಣುತ್ತದೆ. ಹೊರಗಿನ ಶತ್ರು ಬಂದಾಗ ಅಣ್ಣತಮ್ಮಂದಿರು ಒಂದಾಗುವುದು ಹೊಸದೇನಲ್ಲ. ಈ ಕವಲಿನ ಕೊನೆಯ ಶಾಸನ 888ರ ಕೃಷ್ಣನದು. 910ರ ಕಪಡ್ವಂಜ್ ಶಾಸನದ ಹೊತ್ತಿಗೆ ಇಮ್ಮಡಿ ಕೃಷ್ಣ ಇಲ್ಲಿ ಬೇರೆ ಕುಲದ ಪ್ರಚಂಡ ಎಂಬ ಸಾಮಂತನನ್ನು ಇಟ್ಟಿದ್ದ. ಇಂದ್ರನ ವಂಶದವರು ಎಲ್ಲಿ ಹೋದರೋ ಯಾರೂ ಬರೆದಿಡಲಿಲ್ಲ. ಇಲ್ಲಿಯ ಜನರಲ್ಲೇ ಬೆರೆತುಹೋಗಿರಬೇಕು.

ಲೆಕ್ಕ ಹಾಕಿ ನೋಡಿ. ಮೊದಲ ತಲೆಮಾರು ಅಣ್ಣನಿಗಾಗಿ ಹೊರಟುಬಂತು. ಎರಡನೆಯದು ಮೂಲಮನೆಯನ್ನು ಉಳಿಸಿತು. ಮೂರನೆಯದು ಮೂಲಮನೆಯೊಡನೆ ಬಡಿದಾಡಿ ಸತ್ತಿತು. ಆಮೇಲಿನವರು ಹೊಸ ನೆಲಕ್ಕಾಗಿಯೇ ಹೋರಾಡಿದರು. ವಲಸೆ ಹೋದ ಮನೆಗಳ ಕಥೆ ಇವತ್ತಿಗೂ ಹೆಚ್ಚುಕಡಿಮೆ ಹೀಗೇ. ನಮ್ಮಲ್ಲಿ ಕತ್ತಿ ಇಲ್ಲ, ತಹಶೀಲ್ದಾರ್ ಕಚೇರಿ ಇದೆ, ಅಷ್ಟೆ ವ್ಯತ್ಯಾಸ.

ಎಲ್ಲ ವಲಸೆಯೂ ಕಹಿಯಾಗಿ ಮುಗಿಯಬೇಕೆಂದಿಲ್ಲ. 11ನೇ ಶತಮಾನದಲ್ಲಿ ಕದಂಬರ ಜಯಕೇಶಿಯ ಮಗಳು ಮಯಣಲ್ಲದೇವಿ ಪಾಟಣದ ಸೋಲಂಕಿ ದೊರೆ ಕರ್ಣನನ್ನು ಮದುವೆಯಾಗಿ ಬಂದಳು. ಗುಜರಾತಿಗಳ ಬಾಯಲ್ಲಿ ಅವಳು ಮೀನಳದೇವಿ. ಮಗ ಸಿದ್ಧರಾಜ ಜಯಸಿಂಹ, ಗುಜರಾತಿನ ಅತಿ ದೊಡ್ಡ ಅರಸರಲ್ಲಿ ಒಬ್ಬ. ಸೋಮನಾಥಕ್ಕೆ ಹೋಗುವ ಯಾತ್ರಿಕರ ಸುಂಕವನ್ನು ಅವಳು ಮಗನಿಂದ ಬಿಡಿಸಿದಳು ಎಂದು ಹಳೆಯ ಪ್ರಬಂಧಗಳು ಹೇಳುತ್ತವೆ. ಧೋಲ್ಕಾದಲ್ಲಿ ಮಲಾವ್ ಕೆರೆ ಕಟ್ಟಿಸುವಾಗ ಒಬ್ಬ ಹೆಂಗಸು ತನ್ನ ಮನೆ ಬಿಟ್ಟುಕೊಡಲು ಒಪ್ಪಲಿಲ್ಲವಂತೆ. ರಾಣಿ ಬಲವಂತ ಮಾಡದೆ ಕೆರೆಯ ಆಕಾರವನ್ನೇ ಸೊಟ್ಟ ಮಾಡಿಸಿದಳಂತೆ. ನ್ಯಾಯ ನೋಡಬೇಕಾದರೆ ಮಲಾವ್ ಕೆರೆ ನೋಡು ಅಂತ ಇಲ್ಲಿ ಗಾದೆಯೇ ಇದೆ. ಕನ್ನಡದ ಕದಂಬರ ಮಗಳನ್ನು ಗುಜರಾತಿಗಳು ತಮ್ಮವಳೆಂದೇ ನೆನೆಯುತ್ತಾರೆ. ನಮ್ಮ ಕಡೆ ಅವಳ ಹೆಸರು ಕೇಳಿದವರು ಕಡಿಮೆ.

ಮತ್ತೆ ಲಾಟಕ್ಕೆ ಬರೋಣ. ನನ್ನನ್ನು ಬಹಳ ಕಾಡಿದ ಸಂಗತಿ ಯುದ್ಧದ್ದಲ್ಲ, ಸಹಿಯದು. ಈ ಮನೆತನದ ತಾಮ್ರಪಟಗಳ ಭಾಷೆ ಸಂಸ್ಕೃತ. ಅಕ್ಷರ ಇಲ್ಲಿ ಸ್ಥಳೀಯವಾಗಿ ನಡೆಯುತ್ತಿದ್ದದ್ದು, ಬರೆದವರು ಇಲ್ಲಿಯ ಕರಣಿಕರು. ಆದರೆ ಕೆಲವು ಪಟಗಳ ಕೊನೆಯಲ್ಲಿ 'ಇದು ನನ್ನ ಸ್ವಹಸ್ತ' ಎಂಬ ರಾಜನ ಸಹಿ ಮಾತ್ರ ಬೇರೆ ಲಿಪಿಯಲ್ಲಿದೆ. ಅದು ದಕ್ಷಿಣದ ಲಿಪಿ, ಆ ಕಾಲದ ಕನ್ನಡ ಲಿಪಿ. 1934ರಲ್ಲಿ ರಾಷ್ಟ್ರಕೂಟರ ಮೇಲೆ ದೊಡ್ಡ ಗ್ರಂಥ ಬರೆದ ಎ. ಎಸ್. ಅಳ್ತೇಕರ್ ಇದನ್ನು ಎತ್ತಿ ತೋರಿಸಿ, ಈ ಮನೆತನದ ಮೂಲ ಕನ್ನಡ ಸೀಮೆ ಎನ್ನುವುದಕ್ಕೆ ಇದನ್ನೂ ಒಂದು ಆಧಾರವಾಗಿ ಕೊಟ್ಟರು.

ಯೋಚನೆ ಮಾಡಿ. ಪ್ರಜೆಗಳು ಬೇರೆ, ಮಂತ್ರಿಗಳು ಬೇರೆ, ಬರೆಯುವವನು ಬೇರೆ. ಆ ಅಕ್ಷರ ಓದಬಲ್ಲವರು ಸುತ್ತಮುತ್ತ ಎಷ್ಟು ಮಂದಿ ಇದ್ದರೋ! ಆದರೂ ಹೆಸರು ಹಾಕುವಾಗ ಕೈ ತಾನಾಗಿ ಅಪ್ಪನ ಅಕ್ಷರಕ್ಕೆ ಹೋಯಿತು. ಸೀಮೆ ಹೋಯಿತು, ನಂಟು ಹೋಯಿತು, ಕೊನೆಗೆ ವಂಶವೂ ಹೋಯಿತು. ತಾಮ್ರದ ಮೇಲೆ ಕೈಬರಹ ಉಳಿಯಿತು.

ಅಣ್ಣ ಪತ್ರ ಕಳಿಸಿದ. ನಾನು ಅದನ್ನು ಅಂಚೆಗೆ ಹಾಕಲಿಲ್ಲ, ನಾನೇ ಒಯ್ದೆ. ಮೊಮ್ಮಗನನ್ನೂ ಕರೆದುಕೊಂಡು ಹೋದೆ. ಅವನು ಮನೆಯಲ್ಲಿ ಕನ್ನಡ ಕೇಳಿ ಅರ್ಥಮಾಡಿಕೊಳ್ಳುತ್ತಾನೆ, ಉತ್ತರ ಗುಜರಾತಿಯಲ್ಲಿ ಕೊಡುತ್ತಾನೆ. ಮಳಖೇಡದ ಕೋಟೆ ತೋರಿಸಿದೆ. ಕಾಗಿಣಾ ನದಿ ಬೇಸಿಗೆಯಲ್ಲಿ ಬಡಕಲಾಗಿತ್ತು. "ನಮ್ಮ ಅಕೋಟಾದ ರಾಜನ ದೊಡ್ಡಪ್ಪನ ಮಗ ಇಲ್ಲಿದ್ದ" ಅಂದೆ. ಹುಡುಗ ಒಂದು ಕಲ್ಲು ಆರಿಸಿ ಜೇಬಿಗೆ ಹಾಕಿಕೊಂಡ.

ಕಚೇರಿಯಲ್ಲಿ ಅಣ್ಣ ಸ್ವಲ್ಪ ಅಳುಕಿನಿಂದಲೇ ಕೂತಿದ್ದ. ಹೊಲ ಅವನು ಉತ್ತದ್ದು, ಅವನಿಗೇ ಸೇರಬೇಕು. ಅದರಲ್ಲಿ ನನಗೆ ಎರಡು ಮಾತಿರಲಿಲ್ಲ. "ಮನಿಯೊಳಗ ಒಂದು ಕೋಲಿ ಮಾತ್ರ ಇರಲಿ, ಕೀಲಿ ನಿನ್ನ ಹತ್ರಾನೇ ಇಟ್ಕೋ" ಅಂದೆ. ಅವನ ಕಣ್ಣು ತುಂಬಿತು, ನನ್ನದೂ. ಪತ್ರಕ್ಕೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ನಲವತ್ತು ವರ್ಷ ಗುಜರಾತಿನ ಬ್ಯಾಂಕುಗಳಲ್ಲೂ ಅದೇ ಸಹಿ, ಬದಲಿಸಲಿಲ್ಲ. ಆಮೇಲೆ ಅಣ್ಣ ಪೆನ್ನು ತೆಗೆದುಕೊಂಡ. ಊರು ಬಿಟ್ಟು ಎಲ್ಲೂ ಹೋಗದ ನನ್ನ ಅಣ್ಣ ಸಹಿ ಹಾಕಿದ್ದು ಇಂಗ್ಲಿಷಿನಲ್ಲಿ.