ಮಗಳನ್ನು ಕ್ರಯಕ್ಕೆ ಕೊಂಡ ತಂದೆ

1820ನೆಯ ಇಸವಿಯಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲೈನಾ ಸಂಸ್ಥಾನದ ಸಮ್ಟರ್ ಜಿಲ್ಲೆಯ ನ್ಯಾಯಸ್ಥಾನಕ್ಕೆ ಒಂದು ಅಪೂರ್ವವಾದ ಅರ್ಜಿ ಬಂದಿತು. ಅರ್ಜಿದಾರನ ಹೆಸರು ಏಪ್ರಿಲ್ ಎಲಿಸನ್. ಏಪ್ರಿಲ್ ಎಂಬುದು ಅವನಿಗೆ ಬೇಡವಾಗಿದ್ದಿತು. ವಿಲಿಯಂ ಎಂದು ಕರೆಯಿಸಿಕೊಳ್ಳಲು ಅಪ್ಪಣೆಯಾಗಬೇಕೆಂದು ಅವನು ಬೇಡಿದ್ದನು. ಗುಲಾಮರ ಮಕ್ಕಳಿಗೆ ಹುಟ್ಟಿದ ತಿಂಗಳಿನ ಅಥವಾ ವಾರದ ಹೆಸರನ್ನು ಇಡುವ ವಾಡಿಕೆ ಆ ಸೀಮೆಯಲ್ಲಿದ್ದಿತು. ಆದಕಾರಣ ಹೆಸರನ್ನು ಕೇಳಿದೊಡನೆ ಹುಟ್ಟು ಬಯಲಾಗುತ್ತಿದ್ದಿತು. ನ್ಯಾಯಸ್ಥಾನವು ಅರ್ಜಿಯನ್ನು ಮನ್ನಿಸಿತು. ಅವನು ಆರಿಸಿಕೊಂಡ ಹೆಸರು ಅವನ ಹಿಂದಿನ ಯಜಮಾನನದೇ. ಆ ಯಜಮಾನನೋ, ಯಜಮಾನನ ತಂದೆಯೋ ಇವನ ಜನಕನಾಗಿದ್ದಿರಬೇಕೆಂದು ಚರಿತ್ರಕಾರರು ಊಹಿಸುತ್ತಾರೆ.

ಅಮೆರಿಕದ ದಾಸ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿಯ ಒಡೆಯ, ಕಪ್ಪು ಆಳು ಎಂಬ ಎರಡು ಚಿತ್ರಗಳು ಮಾತ್ರ. ಇವೆರಡರ ನಡುವೆ ಒಂದು ಇಕ್ಕಟ್ಟಾದ ಓಣಿಯಿದ್ದಿತು. ದಾಸ್ಯದಿಂದ ಬಿಡುಗಡೆ ಹೊಂದಿದ, ಬಹುಮಟ್ಟಿಗೆ ಮಿಶ್ರರಕ್ತದವರಾದ ಸ್ವತಂತ್ರ ಜನರು ಆ ಓಣಿಯಲ್ಲಿ ಬಾಳುತ್ತಿದ್ದರು. 1860ರ ಜನಗಣತಿಯ ಕಾಲಕ್ಕೆ ದಕ್ಷಿಣ ಕ್ಯಾರೊಲೈನಾದಲ್ಲಿ ಗುಲಾಮರು 4 ಲಕ್ಷಕ್ಕೆ ಮೇಲ್ಪಟ್ಟಿದ್ದರೆ, ಇಂತಹ ಸ್ವತಂತ್ರರು 10,000ಕ್ಕಿಂತ ಕೊಂಚ ಕಡಮೆ. ಅವರು ಬಣ್ಣವನ್ನೂ ಹಣವನ್ನೂ ಹೇಗೆ ಎಣಿಸುತ್ತಿದ್ದರು, ತಮ್ಮ ಸಂಸಾರವನ್ನು ಉಳಿಸಿಕೊಳ್ಳಲು ಏನು ಮಾಡಿದರು, ಇತರರ ಸಂಸಾರಕ್ಕೆ ಏನು ಮಾಡಿದರು ಎಂಬುದನ್ನು ಈ ಎಲಿಸನ್ನನ ಚರಿತ್ರೆಯ ಮೂಲಕ ನೋಡಲು ನಾವು ಯತ್ನಿಸುವೆವು.

ಮೊದಲು ಒಂದು ಶಾಸನದ ಮಾತನ್ನು ಹೇಳಬೇಕು. 1662ರಲ್ಲಿ ವರ್ಜೀನಿಯಾದ ಶಾಸನಸಭೆಯು ಮಗುವಿನ ಸ್ಥಿತಿಯು ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದೆಂದು ವಿಧಿಸಿತು. ತಂದೆಯಿಂದ ಕುಲವನ್ನೆಣಿಸುವ ಇಂಗ್ಲಿಷರ ಪದ್ಧತಿಗೆ ಇದು ತಲೆಕೆಳಗು. ಇತರ ಪ್ರಾಂತಗಳೂ ಇದನ್ನೇ ಅನುಸರಿಸಿದವು. ಇದರಿಂದಾಗಿ ಗುಲಾಮ ಹೆಂಗಸಿನಲ್ಲಿ ಒಡೆಯನಿಗೆ ಹುಟ್ಟಿದ ಮಗುವು ಅವನ ವಾರಸುದಾರನಾಗದೆ ಅವನ ಸ್ವತ್ತಾಯಿತು. ಮಾರಬಹುದು, ಅಡವಿಡಬಹುದು, ಮಗಳ ಮದುವೆಗೆ ಬಳುವಳಿಯಾಗಿ ಕೊಡಬಹುದು. ಎಣ್ಣೆಗೆಂಪು ಬಣ್ಣದ ಜನರು ಆ ನಾಡಿನಲ್ಲಿ ಹೆಚ್ಚಿದುದೂ, ತಾಯಿಮಕ್ಕಳು ಅಗಲಿದುದೂ ಈ ಒಂದೇ ಬೇರಿನ ಫಲಗಳು. 1808ರಿಂದ ಹೊರಗಿನ ಗುಲಾಮರ ಆಮದು ನಿಂತಿತಾದರೂ ಒಳನಾಡಿನ ವ್ಯಾಪಾರ ನಿಲ್ಲಲಿಲ್ಲ. 1820ರಿಂದ 1860ರವರೆಗೆ ಸುಮಾರು 10 ಲಕ್ಷ ಜನರು ವರ್ಜೀನಿಯಾ, ಮೇರಿಲೆಂಡ್ ಮೊದಲಾದ ಕಡೆಗಳಿಂದ ಹತ್ತಿ ಬೆಳೆಯುವ ತೆಂಕಣ ಸೀಮೆಗಳಿಗೆ ಸಾಗಿಸಲ್ಪಟ್ಟರೆಂದು ಲೆಕ್ಕ. ಕೆಲವರು ಒಡೆಯನೊಡನೆ ಹೋದರು. ಬಹುಮಂದಿ ಕೈಗೆ ಕೈ ಸೇರಿಸಿ ಸಂಕೋಲೆ ಬಿಗಿಸಿಕೊಂಡು ವ್ಯಾಪಾರಿಯ ಹಿಂದೆ ನಡೆದರು.

ಏಪ್ರಿಲನು 1790ರಲ್ಲಿ ಹುಟ್ಟಿದವನು. ಅವನನ್ನು ಹೊಲಕ್ಕೆ ಅಟ್ಟದೆ, ಬಾಲ್ಯದಲ್ಲಿಯೇ ಹತ್ತಿಯ ಜಿನ್ನುಗಳನ್ನು ಮಾಡುವ ಒಬ್ಬ ಕುಶಲಿಯ ಬಳಿ ಕೆಲಸ ಕಲಿಯಲು ಬಿಟ್ಟರು. ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಈ ಯಂತ್ರವೇ ಆ ಸೀಮೆಯ ಐಶ್ವರ್ಯಕ್ಕೂ, ಗುಲಾಮರ ಬೆಲೆ ಏರುವುದಕ್ಕೂ ಕಾರಣವಾದುದು. ಅದನ್ನು ಮಾಡುವ ವಿದ್ಯೆಯಿಂದಲೇ ಅವನು ಹಣ ಕೂಡಿಸಿ, 1816ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ತನ್ನನ್ನು ತಾನೇ ಕೊಂಡುಕೊಂಡನು. ಸ್ವಲ್ಪ ಕಾಲದಲ್ಲಿಯೇ ಹೆಂಡತಿ ಮಟಿಲ್ಡಾಳನ್ನೂ ಮಗಳು ಎಲೈಜಾ ಆನ್‌ಳನ್ನೂ ಬಿಡಿಸಿಕೊಂಡನು. ಸ್ಟೇಟ್‌ಬರ್ಗ್ ಎಂಬ ಊರಿನಲ್ಲಿ ಅಂಗಡಿ ಹಾಕಿದನು. 1820ರ ವೇಳೆಗೆ ಆ ಅಂಗಡಿಯಲ್ಲಿ ದುಡಿಯಲು ಇಬ್ಬರು ಗುಲಾಮರನ್ನು ಕೊಂಡಿದ್ದನು. ದಾಸ್ಯದಿಂದ ಹೊರಬಂದು ನಾಲ್ಕು ವರ್ಷಗಳಾಗಿದ್ದವು, ಅಷ್ಟೆ.

1824ರಲ್ಲಿ ಅಲ್ಲಿಯ ಹೋಲಿ ಕ್ರಾಸ್ ದೇವಾಲಯದವರು ಅವನ ಸಂಸಾರಕ್ಕೆ ಕೆಳಗಿನ ಅಂಗಣದಲ್ಲಿ, ವಾದ್ಯದ ಅಟ್ಟದ ಅಡಿಯಲ್ಲಿ, ಒಂದು ಬೆಂಚನ್ನು ಹಾಕಿಕೊಳ್ಳಲು ಅನುಮತಿಯಿತ್ತರು. ಇತರ ಕಪ್ಪು ಜನರು ಮೇಲಿನ ಅಟ್ಟದಲ್ಲಿ ಕುಳಿತುಕೊಳ್ಳಬೇಕು. ಬಿಳಿಯರ ಸಾಲಿಗೆ ಸೇರಿದಂತೆಯೂ ಅಲ್ಲ, ತನ್ನವರ ನಡುವೆ ಕುಳಿತಂತೆಯೂ ಅಲ್ಲ. ಆ ಓಣಿಯ ಬಾಳನ್ನು ಈ ಬೆಂಚಿಗಿಂತ ಚೆನ್ನಾಗಿ ಹೇಳುವ ವಸ್ತು ನಮಗೆ ಬೇರೆ ಕಾಣದು.

ಎಲಿಸನ್ನನ ಮಕ್ಕಳು ಸಂಬಂಧ ಬೆಳೆಸಿದುದು ಚಾರ್ಲ್ಸ್‌ಟನ್ ಪಟ್ಟಣದ ಕಂದುವರ್ಣದ ಮನೆತನಗಳೊಡನೆ. ಆ ಪಟ್ಟಣದಲ್ಲಿ 1790ರಲ್ಲಿ ಬ್ರೌನ್ ಫೆಲೋಶಿಪ್ ಸೊಸೈಟಿ ಎಂಬ ಸಂಘವೊಂದು ಸ್ಥಾಪಿತವಾಗಿದ್ದಿತು. ಬಿಳಿಯರ ದೇವಾಲಯಕ್ಕೆ ಹೋಗಿ ಪ್ರಾರ್ಥನೆ ಮಾಡಬಹುದಾಗಿದ್ದರೂ ಅದರ ಸ್ಮಶಾನದಲ್ಲಿ ತಮಗೆ ಎಡೆಯಿಲ್ಲದುದರಿಂದ, ಸ್ವತಂತ್ರರಾದ ಕಂದುವರ್ಣದ ಗಂಡಸರು ಸೇರಿ ಇದನ್ನು ಕಟ್ಟಿದರು. ಸದಸ್ಯರು 50ಕ್ಕೆ ಮೀರಕೂಡದು. ಪ್ರವೇಶಧನ 50 ಡಾಲರ್. ವಿಧವೆಯರಿಗೂ ಅನಾಥರಿಗೂ ನೆರವು, ಹೆಣಕ್ಕೆ ಒಂದು ಗೌರವದ ನೆಲೆ, ಮಕ್ಕಳಿಗೆ ವಿದ್ಯೆ, ಇವೆಲ್ಲ ಒಳ್ಳೆಯ ಉದ್ದೇಶಗಳೇ. ಆದರೆ ದಟ್ಟಗಪ್ಪು ಮೈಬಣ್ಣದವನು ಎಷ್ಟು ಸ್ವತಂತ್ರನಾಗಿದ್ದರೂ ಅವನಿಗೆ ಅಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಅಂತಹವರು ತಮ್ಮದೇ ಸಂಘವನ್ನೂ ತಮ್ಮದೇ ಸ್ಮಶಾನವನ್ನೂ ಬೇರೆ ಮಾಡಿಕೊಳ್ಳಬೇಕಾಯಿತು. ಬಿಳಿಯರು ತಮಗೆ ಮುಚ್ಚಿದ ಗೋರಿಯ ಬೇಲಿಯನ್ನು ಇವರು ಇನ್ನೊಬ್ಬರಿಗೆ ಹಾಕಿದರು. ಈ ಸಂಘವನ್ನು ನಾವು ಪೂರಾ ಹಳಿಯಲಾರೆವು. ಒಬ್ಬ ಸ್ವತಂತ್ರನನ್ನು ಮೋಸದಿಂದ ದಾಸ್ಯಕ್ಕೆ ತಳ್ಳಲು ನೆರವಾದ ತನ್ನ ಸದಸ್ಯನೊಬ್ಬನನ್ನು ಅದು 1817ರಲ್ಲಿ ಹೊರಹಾಕಿದುದೂ ಉಂಟು.

ಅದೇ ಪಟ್ಟಣದಲ್ಲಿ ಡೆನ್ಮಾರ್ಕ್ ವೀಸೀ ಎಂಬ ಬಡಗಿಯಿದ್ದನು. ಲಾಟರಿಯಲ್ಲಿ 1,500 ಡಾಲರ್ ಗೆದ್ದು, ಅದರಲ್ಲಿ 600 ತೆತ್ತು ಅವನು ಸ್ವತಂತ್ರನಾಗಿದ್ದನು. ಆದರೆ ಅವನ ಹೆಂಡತಿ ಮಕ್ಕಳು ಗುಲಾಮರಾಗಿಯೇ ಉಳಿದರು. 1822ರಲ್ಲಿ ಅವನು ದಂಗೆಯ ಹೂಟ ನಡೆಸಿದನೆಂಬ ಆರೋಪ ಬಂದು, ಅವನೂ ಅವನೊಡನೆ 34 ಮಂದಿಯೂ ಗಲ್ಲಿಗೇರಿದರು. ಸುದ್ದಿಯನ್ನು ಮೊದಲು ಕೇಳಿದ ಒಬ್ಬ ಗುಲಾಮನಿಗೆ, ಒಡೆಯನಿಗೆ ತಿಳಿಸಿಬಿಡು ಎಂದು ಬುದ್ಧಿ ಹೇಳಿದವನು ಕಂದುವರ್ಣದ ಸ್ವತಂತ್ರನಾದ ವಿಲಿಯಂ ಪೆನ್ಸೀಲ್. ಸಂಸ್ಥಾನವು ಅವನಿಗೆ 1,000 ಡಾಲರ್ ಬಹುಮಾನವಿತ್ತಿತು. ಹೆಂಡತಿ ಮಕ್ಕಳನ್ನು ಬಿಡಿಸಿಕೊಂಡವನು ಒಡೆತನದ ಕಡೆಗೆ ವಾಲಿದನು, ಬಿಡಿಸಲಾರದವನು ಗಲ್ಲಿಗೇರಿದನು. ಸ್ವಭಾವಭೇದವೆಂದು ಇದನ್ನು ತಳ್ಳಿಹಾಕಲು ನಮಗೆ ಧೈರ್ಯವಿಲ್ಲ.

ಎಲಿಸನ್ನನಿಗೂ ಒಂದು ಗಂಟು ಉಳಿದಿದ್ದಿತು. ಗುಲಾಮಳೊಬ್ಬಳಲ್ಲಿ ಮದುವೆಯ ಹೊರಗೆ ಹುಟ್ಟಿದ ಮರಿಯಾ ಎಂಬ ಮಗಳು ಅವನಿಗಿದ್ದಳು. 1830ರಲ್ಲಿ ಅವನು ಅವಳನ್ನು ಕೊಂಡನು. ಆದರೆ 1820ರ ಶಾಸನದಂತೆ ಶಾಸನಸಭೆಯ ಅಪ್ಪಣೆಯಿಲ್ಲದೆ ಯಾರೂ ತಮ್ಮ ಗುಲಾಮರನ್ನು ಬಿಡುಗಡೆ ಮಾಡುವಂತಿರಲಿಲ್ಲ. ಆದುದರಿಂದ ತಂದೆಯು ಮಗಳಿಗೆ ಒಡೆಯನಾದನು. ತಾನು ಸತ್ತರೆ ಮಗಳು ಆಸ್ತಿಯ ಪಟ್ಟಿಯಲ್ಲಿ ಎತ್ತುಗಾಡಿಗಳ ಜೊತೆಗೆ ಸೇರಿಹೋಗುವಳೆಂಬ ಭಯದಿಂದ, ಪರಿಚಿತನಾದ ಒಬ್ಬ ಬಿಳಿಯನಿಗೆ ಒಂದು ಡಾಲರಿಗೆ ಅವಳನ್ನು ಪತ್ರಪೂರ್ವಕವಾಗಿ ಮಾರಿದನು. ಅವಳು ತಂದೆಯೊಡನೆಯೇ ಇರತಕ್ಕದ್ದು, ಸಾಧ್ಯವಾದಾಗ ಅವಳನ್ನು ಬಿಡುಗಡೆ ಮಾಡತಕ್ಕದ್ದು ಎಂಬುದು ಒಪ್ಪಂದ. 1841ರಲ್ಲಿ ಶಾಸನಸಭೆಯು ಇಂತಹ ನಂಬಿಕೆಯ ಪತ್ರಗಳನ್ನೂ ಅಸಿಂಧುವೆಂದು ಸಾರಿತು. ಮರಿಯಾ ಮದುವೆಯಾಗಿ ಸ್ವತಂತ್ರಳಂತೆ ಬಾಳಿದಳು. ಕಾನೂನಿನ ಕಣ್ಣಿಗೆ ಕೊನೆಯವರೆಗೂ ಸ್ವತ್ತೇ.

ಈ ತಂದೆಯ ಕಳವಳವನ್ನು ಓದುವಾಗ ನಮ್ಮ ಮನಸ್ಸು ಕರಗುತ್ತದೆ. ಆದರೆ ಅದೇ ಮನುಷ್ಯನ ಮನೆಯ ಇನ್ನೊಂದು ಪಟ್ಟಿಯನ್ನೂ ನೋಡಬೇಕು. 1860ರಲ್ಲಿ ಅವನು ಸುಮಾರು 900 ಎಕರೆ ಹೊಲಕ್ಕೂ 63 ಮಂದಿ ಗುಲಾಮರಿಗೂ ಒಡೆಯನಾಗಿದ್ದನು. ಹಿಂದಿನ ಗವರ್ನರೊಬ್ಬನ ಮನೆಯನ್ನು ಕೊಂಡು ಅದರಲ್ಲಿ ವಾಸಿಸುತ್ತಿದ್ದನು. ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ; ವಯಸ್ಸು, ಲಿಂಗ, ಬಣ್ಣ ಇಷ್ಟೆ. ಅವನ ಪಟ್ಟಿಗಳಲ್ಲಿ ಹುಡುಗರು ಇರುವಷ್ಟು ಹುಡುಗಿಯರು ಇಲ್ಲ. ಗಂಡುಹುಡುಗರನ್ನು ಅಂಗಡಿಯ ಹಾಗೂ ಹೊಲದ ಕೆಲಸಕ್ಕೆ ಉಳಿಸಿಕೊಂಡು, ಹೆಣ್ಣುಮಕ್ಕಳನ್ನು ಮಾರಿ ಬಂದ ಹಣದಿಂದ ನೆಲ ಕೊಂಡಿದ್ದಿರಬೇಕೆಂದು ಈ ಕುಟುಂಬದ ಚರಿತ್ರೆಯನ್ನು ಶೋಧಿಸಿದ ವಿದ್ವಾಂಸರು ತೀರ್ಮಾನಿಸಿದ್ದಾರೆ. ತನ್ನ ಮಗಳಿಗಾಗಿ ಪತ್ರ ಬರೆಯಿಸಿದ ಕೈಯೇ ಇದು.

ಇಷ್ಟೆಲ್ಲ ಗಳಿಸಿಯೂ ನೆಲೆ ಭದ್ರವಾಗಲಿಲ್ಲ. 1860ರ ಆಗಸ್ಟಿನಲ್ಲಿ ಚಾರ್ಲ್ಸ್‌ಟನ್ನಿನ ಪೊಲೀಸರು ಸ್ವತಂತ್ರರ ಮನೆಮನೆಗೂ ಹೋಗಿ ಬಿಡುಗಡೆಯ ದಾಖಲೆ ತೋರಿಸೆಂದು ಕೇಳಿದರು. ಮರಿಯಾಳಂತೆ ನಂಬಿಕೆಯ ಮೇಲೆ ಸ್ವತಂತ್ರರಾಗಿದ್ದವರು ಗುಲಾಮರ ಬಿಲ್ಲೆಯನ್ನು ಕೊಂಡು ಧರಿಸಬೇಕಾಯಿತು. ನೂರಾರು ಮಂದಿ ಮನೆಮಾರು ಬಿಟ್ಟು ಉತ್ತರಕ್ಕೆ ಹೊರಟರು. ಈ ಗಾಬರಿಯನ್ನು ಎಲಿಸನ್ನನ ಅಳಿಯನಾದ ದರ್ಜಿ ಜೇಮ್ಸ್ ಜಾನ್ಸನ್ ತನ್ನ ಭಾವಮೈದುನನಿಗೆ ಕಾಗದಗಳಲ್ಲಿ ಬರೆದನು. ಆ ಕಾಗದಗಳು 1935ರಲ್ಲಿ ಎಲಿಸನ್ನರ ಹಳೆಯ ಮನೆಯ ಅಡಿಯಲ್ಲಿ ಆಟವಾಡುತ್ತಿದ್ದ ಮೂವರು ಹುಡುಗಿಯರ ಕೈಗೆ ಸಿಕ್ಕಿದವು. ಅವಿಲ್ಲದಿದ್ದರೆ ಈ ಮಾತೆಲ್ಲ ನಮಗೆ ತಿಳಿಯುತ್ತಿರಲಿಲ್ಲ. ಎಲಿಸನ್ 1861ರ ಡಿಸೆಂಬರಿನಲ್ಲಿ ತೀರಿಕೊಂಡನು. ಮರಣಶಾಸನದಲ್ಲಿ ಮರಿಯಾಳಿಗೆ 500 ಡಾಲರ್ ಬಿಟ್ಟಿದ್ದನು.

1865ರಲ್ಲಿ ದಾಸ್ಯ ಕೊನೆಗೊಂಡಿತು. ಕೂಡಲೇ ಕಪ್ಪು ಜನರ ಪತ್ರಿಕೆಗಳಲ್ಲಿ, ಮುಖ್ಯವಾಗಿ ಫಿಲಡೆಲ್ಫಿಯಾದ ಕ್ರಿಶ್ಚಿಯನ್ ರೆಕಾರ್ಡರ್ ಪತ್ರಿಕೆಯಲ್ಲಿ, ಹೊಸ ಬಗೆಯ ಪ್ರಕಟಣೆಗಳು ತುಂಬತೊಡಗಿದವು. ತಾಯಿ ಮಗಳನ್ನು ಹುಡುಕುತ್ತಾಳೆ, ಅಣ್ಣ ತಂಗಿಯನ್ನು ಹುಡುಕುತ್ತಾನೆ. ಹಳೆಯ ಒಡೆಯನ ಹೆಸರು, ಕೊಂಡೊಯ್ದ ವ್ಯಾಪಾರಿಯ ಹೆಸರು, ಕಡೆಯದಾಗಿ ಕಂಡ ಊರು ಮತ್ತು ವರ್ಷ ಅವುಗಳಲ್ಲಿರುತ್ತಿದ್ದವು. ಎಷ್ಟೋ ಪ್ರಕಟಣೆಗಳಲ್ಲಿ ಮೈಬಣ್ಣವನ್ನೂ ಹೇಳಿರುತ್ತಿದ್ದರು: ಚಾರ್ಲ್ಸ್‌ಟನ್ನಿನ ಸಂಘ ಕೇಳಿದ ಕಾರಣಕ್ಕಲ್ಲ, ಕಂಡವರು ಗುರುತಿಸಲೆಂದು. ಪಾದ್ರಿಗಳು ಭಾನುವಾರ ಸಭೆಯಲ್ಲಿ ಇದನ್ನು ಓದಿ ಹೇಳಬೇಕೆಂದು ಕೆಳಗೆ ಪ್ರಾರ್ಥನೆ. ಓದುವಾಗ ಸಭೆಯಲ್ಲಿ ತಿಳಿಬಣ್ಣದವರೂ ದಟ್ಟಬಣ್ಣದವರೂ ಕುಳಿತು ಹೆಸರುಗಳನ್ನು ಆಲಿಸಬೇಕಾಗುತ್ತಿದ್ದಿತು. ಈ ಪ್ರಕಟಣೆಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಿಲ್ಲಲಿಲ್ಲ. ಅಷ್ಟರಲ್ಲಿ ಹುಡುಕುವವರು ಮುದುಕರಾಗಿದ್ದರು. ಅವರು ಹೇಳುತ್ತಿದ್ದ ಚಹರೆ ಮಾತ್ರ ಅಗಲಿದ ದಿನದ ಎಳೆಯ ಮಕ್ಕಳದೇ ಆಗಿರುತ್ತಿದ್ದಿತು.