ಮುದ್ದಣ ಕವಿಯ ಅಜ್ಞಾತವಾಸ

ಪ್ರಾಚೀನ ಕವಿಗಳ ಕಾಲದೇಶಗಳನ್ನು ನಿರ್ಣಯಿಸುವುದರಲ್ಲಿ ಪಂಡಿತರು ಪಡುವ ಶ್ರಮವು ಸರ್ವವಿದಿತವಾದುದು. ಶಾಸನದ ಒಂದು ಸಾಲು, ಕಾವ್ಯದ ಆದಿಯಲ್ಲಿ ಬರುವ ಪೂರ್ವಕವಿಸ್ತುತಿ, ಆಶ್ವಾಸಾಂತ್ಯದ ಗದ್ಯ, ಲಿಪಿಕಾರನ ಒಕ್ಕಣೆ, ಇವುಗಳಲ್ಲಿ ಯಾವುದಾದರೊಂದು ದೊರೆತರೆ ಅದನ್ನೇ ಊರೆಗೋಲಾಗಿ ಹಿಡಿದು ಶತಮಾನಗಳ ಕತ್ತಲೆಯಲ್ಲಿ ನಡೆಯಬೇಕಾಗುವುದು. ಆದರೆ ಅಂಚೆಯೂ ಅಚ್ಚುಕೂಟವೂ ಬಳಕೆಗೆ ಬಂದಿದ್ದ ಕಾಲದಲ್ಲಿ ಹುಟ್ಟಿ, ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿ ದುಡಿದು, ತನ್ನ ಕೃತಿಗಳನ್ನು ಟಪ್ಪಾಲಿನ ಮೂಲಕ ಮೈಸೂರಿಗೆ ಕಳುಹಿಸುತ್ತಿದ್ದ ಕವಿಯೊಬ್ಬನು, ಗತಿಸಿದ ಮೇಲೆ ಹತ್ತಿರಹತ್ತಿರ ಮೂವತ್ತು ವರ್ಷಗಳ ಕಾಲ ಸಂಶೋಧನೆಯ ವಸ್ತುವಾಗಿಯೇ ಉಳಿದನೆಂಬುದು ಕನ್ನಡ ಸಾಹಿತ್ಯಚರಿತ್ರೆಯ ವಿಚಿತ್ರಗಳಲ್ಲಿ ಒಂದು. ರಾಮಾಶ್ವಮೇಧದ ಕರ್ತೃವಾದ ಮುದ್ದಣನೇ ಆ ಕವಿ. ಅವನು ತನ್ನನ್ನು ತಾನೇ ಮರೆಮಾಡಿಕೊಂಡನು ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ನಿಜ. ಆದರೆ ಪೂರ್ಣವಾದ ನಿಜವಲ್ಲ. ಅವನು ಎಷ್ಟನ್ನು ಮರೆಮಾಡಿದನು, ಎಷ್ಟನ್ನು ಬಯಲಿನಲ್ಲಿಯೇ ಇಟ್ಟನು, ಬಯಲಿನಲ್ಲಿದ್ದುದನ್ನು ಓದುಗರು ಏಕೆ ಕಾಣದೆಹೋದರು ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಕವಿಯ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ದಕ್ಷಿಣ ಕನ್ನಡದ ಕಾರ್ಕಳದ ಸೀಮೆಗೆ ಸೇರಿದ ನಂದಳಿಕೆಯೆಂಬ ಗ್ರಾಮದಲ್ಲಿ 1870ನೆಯ ಇಸವಿ ಜನವರಿ 24ರಂದು ಅವನು ಜನಿಸಿದನು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮುದ್ದಣನೆಂಬುದು ಮನೆಯವರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರು. ಮನೆಯಲ್ಲಿ ಬಡತನವಿದ್ದುದರಿಂದ ಇಂಗ್ಲಿಷ್ ವಿದ್ಯಾಭ್ಯಾಸವು ಬಹುದೂರ ಸಾಗಲಿಲ್ಲ. ಉದರಪೋಷಣೆಗಾಗಿ ಅವನು ವ್ಯಾಯಾಮಶಿಕ್ಷಣದಲ್ಲಿ ತರಬೇತನ್ನು ಹೊಂದಿ ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾದನು. ಕುಂದಾಪುರದಲ್ಲಿಯೂ ಕೆಲವು ಕಾಲ ಇದ್ದನು. ಹಗಲು ಹುಡುಗರಿಗೆ ಡ್ರಿಲ್ಲು ಕಲಿಸಿ, ಉಳಿದ ಹೊತ್ತಿನಲ್ಲಿ ಹಳಗನ್ನಡದ ಗದ್ಯವನ್ನು ಕಟ್ಟುತ್ತಿದ್ದ ಇಂತಹ ಉಪಾಧ್ಯಾಯನು ಕನ್ನಡನಾಡಿನಲ್ಲಿ ಅವನಿಗೆ ಹಿಂದೆಯೂ ಇರಲಿಲ್ಲ, ಮುಂದೆಯೂ ಬಂದಂತೆ ಕಾಣುವುದಿಲ್ಲ. ಶಾಲೆಯಲ್ಲಿ ಮಳಲಿ ಸುಬ್ಬರಾಯರಂತಹ ಹಿರಿಯ ಸ್ನೇಹಿತರ ಒಡನಾಟವು ಅವನಿಗೆ ದೊರೆತುದು ಅವನ ಸುದೈವವೇ ಸರಿ. ಹಳೆಯ ಕಾವ್ಯಗಳ ರುಚಿಯು ಈ ಸಹವಾಸದಲ್ಲಿ ಬಲಿಯಿತು.

ಅದಕ್ಕೆ ಮೊದಲೇ ಯಕ್ಷಗಾನವು ಅವನನ್ನು ಹಿಡಿದಿತ್ತು. ತುಳು ಮನೆಮಾತಾಗಿಯೂ ಕನ್ನಡವು ಪುಸ್ತಕದ ಮಾತಾಗಿಯೂ ಇರುವ ಆ ಸೀಮೆಯಲ್ಲಿ, ಅಕ್ಷರವರಿಯದವನ ಕಿವಿಗೂ ಪ್ರೌಢವಾದ ಕನ್ನಡವು ಬೀಳುತ್ತಿದ್ದುದು ಬಯಲಾಟದ ರಂಗಸ್ಥಳದಿಂದ. ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಲಕ್ಷ್ಮೀನಾರಣಪ್ಪನು ರಚಿಸಿದನು. ರಾಮಾಶ್ವಮೇಧದ ಸಂಭಾಷಣೆಗಳನ್ನು ಮೆಚ್ಚುವವರು ಇದನ್ನು ಮರೆಯಬಾರದು. ಆಟದಲ್ಲಿ ಭಾಗವತನು ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ ವೇಷಧಾರಿಗಳು ಆ ಕ್ಷಣದಲ್ಲಿ ಹೊಳೆದ ಮಾತುಗಳಿಂದ ಅರ್ಥವನ್ನು ಬೆಳೆಸುವರು. ಒಬ್ಬನ ಮಾತು ಮುಗಿಯುವುದರೊಳಗೆ ಮತ್ತೊಬ್ಬನು ಅದಕ್ಕೆ ಕೊಕ್ಕೆ ಹಾಕುವನು. ಮುದ್ದಣನ ಗದ್ಯದಲ್ಲಿ ಪ್ರಶ್ನೆಗೆ ಮರುಪ್ರಶ್ನೆ, ಕೊಂಕಿಗೆ ಕೊಂಕು ಥಟ್ಟನೆ ಬರುವ ವೇಗವು ಚಂಪೂಕಾವ್ಯಗಳಿಂದ ಬಂದುದಲ್ಲ. ಈ ರಂಗಸ್ಥಳದಿಂದ ಬಂದುದೆಂದು ಊಹಿಸುವುದಕ್ಕೆ ಬೇಕಾದಷ್ಟು ಅವಕಾಶವಿದೆ.

ಆ ದಶಕದ ಸಾಹಿತ್ಯಸ್ಥಿತಿಯನ್ನು ಇಲ್ಲಿ ಸ್ವಲ್ಪ ಸ್ಮರಿಸಬೇಕು. 1894ರಲ್ಲಿ ಕಿಟ್ಟೆಲರ ಮಹಾಕೋಶವು ಮಂಗಳೂರಿನಲ್ಲಿ ಪ್ರಕಟವಾಯಿತು. 1898ರಲ್ಲಿ ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಿನ ರೂಪದಲ್ಲಿ ವಿದ್ವಾಂಸರ ಕೈಗೆ ಬಂದುವು. ಓಲೆಗರಿಗಳಲ್ಲಿ ಹುಳುಹಿಡಿಯುತ್ತಿದ್ದ ಗ್ರಂಥಗಳನ್ನು ಉದ್ಧರಿಸುವುದಕ್ಕಾಗಿಯೇ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್. ಜಿ. ನರಸಿಂಹಾಚಾರ್ಯರು ಕಾವ್ಯಮಂಜರಿಯನ್ನು ನಡೆಯಿಸುತ್ತಿದ್ದರು. ಕಾವ್ಯಕಲಾನಿಧಿಯೂ ಇದೇ ಧ್ಯೇಯದಿಂದ ಹೊರಟುದು. ಪ್ರತಿಯೊಂದು ಸಂಚಿಕೆಯೂ ಮರೆತುಹೋದ ಒಬ್ಬ ಕವಿಯನ್ನು ಬೆಳಕಿಗೆ ತರುತ್ತಿದ್ದ ಆ ಉತ್ಸಾಹದ ದಿನಗಳಲ್ಲಿ ಹಳೆಯದೆಂಬ ಮಾತಿಗೆ ತಾನಾಗಿಯೇ ಒಂದು ಗೌರವವಿತ್ತು. ಜೀವಂತನಾದ, ಪದವಿಯಿಲ್ಲದ, ಮದರಾಸು ಆಧಿಪತ್ಯದ ಒಂದು ಮೂಲೆಯಲ್ಲಿದ್ದ ವ್ಯಾಯಾಮದ ಉಪಾಧ್ಯಾಯನೊಬ್ಬನು ತಾನು ಬರೆದ ಹಳಗನ್ನಡ ಕಾವ್ಯವೆಂದು ಹೇಳಿ ಕಳುಹಿಸಿದ್ದರೆ ಆ ಪುಟಗಳಲ್ಲಿ ಅದಕ್ಕೆ ಎಡೆಯೇ ಇರುತ್ತಿರಲಿಲ್ಲ. ಇದು ಸಂಪಾದಕರ ದೋಷವಲ್ಲ. ಪತ್ರಿಕೆಯ ಉದ್ದೇಶವೇ ಬೇರೆಯಾಗಿತ್ತು. ಹೊಸ ಬರಹಗಾರನಿಗೆ ಆಶ್ರಯವಾಗಬಹುದಾಗಿದ್ದ ಸಾಹಿತ್ಯ ಪರಿಷತ್ತು ಸ್ಥಾಪಿತವಾದುದು 1915ರಲ್ಲಿ, ಎಂದರೆ ಅವನು ತೀರಿಕೊಂಡು ಹದಿನಾಲ್ಕು ವರ್ಷಗಳಾದ ಮೇಲೆ.

ಆದುದರಿಂದ ಲಕ್ಷ್ಮೀನಾರಣಪ್ಪನು ತನ್ನ ಕೃತಿಗಳನ್ನು ಹಳೆಯ ಗ್ರಂಥಗಳೆಂಬ ಹೇಳಿಕೆಯೊಡನೆ ಮೈಸೂರಿಗೆ ಕಳುಹಿಸಿದನು. ಗದ್ಯರೂಪವಾದ ಅದ್ಭುತರಾಮಾಯಣವು 1895ರಲ್ಲಿಯೂ, ವಾರ್ಧಕ ಷಟ್ಪದಿಯ ಶ್ರೀರಾಮಪಟ್ಟಾಭಿಷೇಕವು 1896ರಲ್ಲಿಯೂ ಅಚ್ಚಾದುವು. ರಾಮಾಶ್ವಮೇಧವು 1899ರಿಂದ 1901ರವರೆಗೆ ಪ್ರಕಟವಾಯಿತು. ಮೊದಲಿನ ಎರಡರಲ್ಲಿ ಕೈ ಇನ್ನೂ ಪಳಗಬೇಕಾಗಿರುವುದು ಕಾಣುತ್ತದೆ. ಸಹಸ್ರಕಂಠನಾದ ರಾವಣನನ್ನು ಸೀತೆಯೇ ಸಂಹರಿಸುವ ಅದ್ಭುತರಾಮಾಯಣದ ಕಥೆಯನ್ನು ಅವನು ಆರಿಸಿಕೊಂಡುದು ಮಾತ್ರ ಗಮನಾರ್ಹವಾಗಿದೆ. ರಾಮಕಥೆಯಲ್ಲಿ ಸೀತೆಯ ಕಡೆಗೆ ವಾಲುವ ಅವನ ಮನಸ್ಸು ಅಲ್ಲಿಯೇ ಮೊಳೆತಿದೆ.

ರಾಮಾಶ್ವಮೇಧದ ವಸ್ತು ಪದ್ಮಪುರಾಣದ ಪಾತಾಳಖಂಡದ್ದು. ಯಜ್ಞಾಶ್ವವು ಹೊರಡುವುದು, ಶತ್ರುಘ್ನನು ಅದರ ಬೆಂಗಾವಲಾಗಿ ನಡೆಯುವುದು, ಎಡೆಯೆಡೆಯಲ್ಲಿ ಅರಸರು ಅದನ್ನು ಕಟ್ಟುವುದು, ಕೊನೆಗೆ ಲವಕುಶರ ಪ್ರಸಂಗ, ಇವೆಲ್ಲವೂ ಮೂಲದಲ್ಲಿವೆ. ಮೂಲದಲ್ಲಿ ಇಲ್ಲದುದು ಒಂದೇ: ಈ ಕಥೆಯನ್ನು ಹೇಳುವ ಗಂಡನೂ ಕೇಳುವ ಹೆಂಡತಿಯೂ. ಮಳೆಗಾಲದ ಒಂದು ದಿನ ಮುದ್ದಣನು ಅರಮನೆಯಿಂದ ಮನೆಗೆ ಬರುವನು. ಮನೋರಮೆಯು ಎದುರುಗೊಂಡು ಉಪಚರಿಸುವಳು. ಊಟವಾಗಿ ತಾಂಬೂಲವಾದ ಮೇಲೆ ಹೊತ್ತು ಕಳೆಯುವುದಕ್ಕೊಂದು ಕಥೆ ಬೇಕೆನ್ನುವಳು. ಯಾವ ಕಥೆ, ಯಾವ ರಸ, ಪದ್ಯವೋ ಗದ್ಯವೋ, ಸಂಸ್ಕೃತವೆಷ್ಟು ಕನ್ನಡವೆಷ್ಟು ಎಂದು ಅಲಂಕಾರಶಾಸ್ತ್ರದ ಪ್ರಶ್ನೆಗಳೆಲ್ಲ ಮನೆಯ ಜಗಲಿಯ ಸರಸದಲ್ಲಿ ತೀರ್ಮಾನವಾಗುತ್ತವೆ. ಪದ್ಯವನ್ನು ಬೇಡವೆಂದು ಗದ್ಯವನ್ನು ಆರಿಸುವವಳು ಮನೋರಮೆ. ಕನ್ನಡದ ತಿರುಳು ಕೆಡದಂತೆ ಹೇಳಬೇಕೆಂದು ಕಟ್ಟಳೆ ಹಾಕುವವಳೂ ಅವಳೇ. ಕಾವ್ಯವು ಹೇಗಿರಬೇಕೆಂಬುದನ್ನು ಹೇಳುವ ಅಧಿಕಾರವನ್ನು ಪಂಡಿತಸಭೆಯಿಂದ ತೆಗೆದು ಮನೆಯ ಗೃಹಿಣಿಗೆ ಕೊಟ್ಟುದು ಸಣ್ಣ ಸಾಹಸವಲ್ಲ.

ಇವಳು ಕಥಾರಂಭದಲ್ಲಿ ಬಂದು ಮರೆಯಾಗುವ ಶ್ರೋತೃವಲ್ಲ. ನಡುನಡುವೆ ತಡೆಯುವಳು, ಹಾಸ್ಯಮಾಡುವಳು, ಅರ್ಥವಾಗದ ಮಾತಿಗೆ ಬಿಡಿಸಿ ಹೇಳೆನ್ನುವಳು. ಸೀತಾಪರಿತ್ಯಾಗದ ಭಾಗ ಬಂದಾಗ ಅವಳ ಹಾಸ್ಯವು ಅಡಗುತ್ತದೆ. ಕೇಳುತ್ತಿರುವವಳು ತಾನೊಬ್ಬ ಹೆಂಡತಿಯೆಂಬುದು ಅಲ್ಲಿ ತಟ್ಟನೆ ನೆನಪಿಗೆ ಬರುತ್ತದೆ. ಪುರಾಣದಲ್ಲಿ ಪ್ರಶ್ನೆ ಕೇಳುವ ಋಷಿಗಳು ಕಥೆಯನ್ನು ಮುಂದಕ್ಕೆ ತಳ್ಳುವುದಕ್ಕಾಗಿ ಇರುವರು. ಮನೋರಮೆಯು ಕಥೆಯನ್ನು ತೂಗಿ ನೋಡುವುದಕ್ಕಾಗಿ ಇದ್ದಾಳೆ.

ಈ ಗ್ರಂಥವು ಪ್ರಾಚೀನವಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಕೆ? ಭಾಷೆಯನ್ನೇ ಪರಿಶೀಲಿಸಬಹುದು. ವ್ಯಾಕರಣಕ್ಕೆ ಒಗ್ಗದ ರೂಪಗಳು ಅಲ್ಲಲ್ಲಿವೆ. ಹಳಗನ್ನಡದ ಉಡುಪಿನೊಳಗೆ ಹೊಸಗನ್ನಡದ ಜಾಯಮಾನವು ಇಣಿಕಿ ನೋಡುತ್ತದೆ. ಕೆಲವು ಶಬ್ದಗಳು ಕವಿಯೇ ಟಂಕಿಸಿದವು. ಇವುಗಳನ್ನು ಶುದ್ಧವಾದ ದೋಷಗಳೆಂದು ಎಣಿಸಿದವರೂ ಉಂಟು. ಆದರೆ ದೋಷವೆನ್ನುವುದಕ್ಕಿಂತ ಇವು ಕಾಲನಿರ್ಣಯದ ಸಾಧನಗಳೆಂದು ಭಾವಿಸುವುದು ಉಚಿತ. ಹಳಗನ್ನಡದ ಗದ್ಯಕ್ಕೆ ಅವನ ಮುಂದೆ ಮಾದರಿಗಳು ಹೆಚ್ಚಾಗಿ ಇರಲಿಲ್ಲವೆಂಬುದನ್ನೂ ನೆನೆಯಬೇಕು. ಇಂದು ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಯೂ ಬಲ್ಲ ವಡ್ಡಾರಾಧನೆಯು ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಗ್ರಂಥರೂಪವಾಗಿ ಬಂದುದು 1949ರಲ್ಲಿ. ಮುದ್ದಣನು ತನಗೆ ಬೇಕಾದ ಗದ್ಯವನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳಬೇಕಾಯಿತು.

ಇನ್ನು ಹೆಸರಿನ ವಿಷಯ. ಸಂಪಾದಕರಿಗೆ ಬರೆದ ಕಾಗದದಲ್ಲಿ ಅವನು ಕರ್ತೃತ್ವವನ್ನು ಮರೆಮಾಡಿದನು. ಕೃತಿಯೊಳಗೆ ಮಾತ್ರ ತನ್ನ ಮನೆಯ ಹೆಸರನ್ನೇ ಇಟ್ಟನು. ನಂದಳಿಕೆಯಲ್ಲಿ ಯಾರನ್ನು ಕೇಳಿದ್ದರೂ ಮುದ್ದಣನು ಯಾರೆಂಬುದು ತಿಳಿಯುತ್ತಿತ್ತು. ವಿದ್ವಾಂಸರು ಆ ಹೆಸರಿನ ಕವಿಯನ್ನು ಯಾವ ಶತಮಾನದ ಯಾವ ಆಸ್ಥಾನದಲ್ಲಿ ಇರಿಸಬೇಕೆಂದು ಯೋಚಿಸಿದರಲ್ಲದೆ ಉಡುಪಿಯ ಶಾಲೆಯ ಬಯಲಿನ ಕಡೆಗೆ ಕಣ್ಣು ಹಾಯಿಸಲಿಲ್ಲ. ಮುದ್ದಣನು ಮರಳಿ ಬರುವ ಅರಮನೆಯನ್ನು ಇತಿಹಾಸದಲ್ಲಿ ಹುಡುಕಿದರೆ ಅದು ದೊರೆಯುವಂತಹುದಲ್ಲ. ಕವಿಯು ಸುಳ್ಳು ಹೇಳಿದನೆಂದು ದೂರುವವರು ಈ ಅರ್ಧಸತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೀರ್ತಿಗಾಗಿ ಪರರ ಕೃತಿಯನ್ನು ತನ್ನದೆನ್ನುವವರು ಸಾಹಿತ್ಯಪ್ರಪಂಚದಲ್ಲಿ ವಿರಳರಲ್ಲ. ತನ್ನದನ್ನು ಪರರದೆಂದು ಒಪ್ಪಿಸಿದವನು ಅಪೂರ್ವನು.

ಮನೋರಮೆಯನ್ನು ಕವಿಯ ಪತ್ನಿಯಾದ ಕಮಲೆಯ ಪ್ರತಿಬಿಂಬವೆಂದು ಹೇಳುವ ವಾಡಿಕೆ ಬೆಳೆದಿದೆ. ಶಿವಮೊಗ್ಗದ ಸೀಮೆಯ ಈಕೆಯನ್ನು ಅವನು 1893ರಲ್ಲಿ ವಿವಾಹವಾದನು. ಒಬ್ಬ ಮಗನೂ ಹುಟ್ಟಿದನು. ದಾಂಪತ್ಯದ ಅನುಭವವಿಲ್ಲದೆ ಅಂತಹ ಸಂಭಾಷಣೆಗಳು ಹುಟ್ಟಲಾರವೆಂಬುದು ಸರಿ. ಆದರೆ ಕಾವ್ಯದ ಮನೆಯಲ್ಲಿ ಅರಸನ ಮನ್ನಣೆಯುಂಟು, ಬಿಡುವುಂಟು, ಮಳೆಗಾಲದ ಸಂಜೆಯನ್ನು ಕಥೆಯಲ್ಲಿ ಕಳೆಯುವ ನೆಮ್ಮದಿಯುಂಟು. ಉಡುಪಿಯ ಮನೆಯಲ್ಲಿ ಇದ್ದುದು ಅಲ್ಪವೇತನ ಮತ್ತು ಕ್ಷಯರೋಗ. ಗ್ರಂಥದ ನಗುವನ್ನು ಜೀವನಚರಿತ್ರೆಯೆಂದು ಓದುವುದಕ್ಕಿಂತ, ಮನೆಯಲ್ಲಿ ಇಲ್ಲದುದನ್ನು ಅವನು ಗ್ರಂಥದಲ್ಲಿ ಕಟ್ಟಿಕೊಂಡನೆಂದು ತಿಳಿಯುವುದು ಹೆಚ್ಚು ಯುಕ್ತವಾಗಿ ತೋರುತ್ತದೆ.

1899ನೆಯ ವರ್ಷವನ್ನು ಕುರಿತು ಇನ್ನೊಂದು ಮಾತು. ರಾಮಾಶ್ವಮೇಧವು ಮೈಸೂರಿನಲ್ಲಿ ಹಳೆಯ ಕಾವ್ಯವೆಂದು ಅಚ್ಚಾಗತೊಡಗಿದ ಆ ವರ್ಷವೇ, ಅದೇ ಜಿಲ್ಲೆಯ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಎಂಬ ಕಾದಂಬರಿಯು ಪ್ರಕಟವಾಯಿತು. ವಿಧವೆಯೊಬ್ಬಳ ವಿದ್ಯಾಭ್ಯಾಸ, ಪುನರ್ವಿವಾಹಗಳನ್ನು ಹೇಳುವ ಆ ಗ್ರಂಥವು ಸಮಕಾಲೀನ ಜೀವನವನ್ನು ಹೊಸಗನ್ನಡದಲ್ಲಿ ನೇರವಾಗಿ ಎದುರಿಸಿತು. ಸುಮಾರು ಮೂವತ್ತೈದು ಮೈಲಿಗಳ ಅಂತರದಲ್ಲಿ ಇಬ್ಬರು ಲೇಖಕರು ಕನ್ನಡ ಗದ್ಯವನ್ನು ಎರಡು ವಿರುದ್ಧ ದಿಕ್ಕುಗಳಿಂದ ಹಿಡಿದಿದ್ದರು. ಮುಂದೆ ಬೆಳೆದುದು ವೆಂಕಟರಾಯರ ದಾರಿ. ಮುದ್ದಣನ ಹಳಗನ್ನಡವನ್ನು ಮುಂದುವರಿಸಿ ಫಲಪಡೆದವರಿಲ್ಲ. ಹಾಗಿದ್ದರೂ ಹೊಸಗನ್ನಡದ ಅರುಣೋದಯದ ಮುಂಗೋಳಿಯೆಂಬ ಬಿರುದು ಮುದ್ದಣನಿಗೇ ಸಂದಿತು. ಅವನ ಭಾಷೆಗೆ ಈ ಬಿರುದು ಸಲ್ಲದು. ಮನೋರಮೆಯ ಬಾಯಿಂದ ಅವನು ಆಡಿಸಿದ ಮಾತಿನ ಧೈರ್ಯಕ್ಕೆ ಸಲ್ಲುವುದು. ಗೋದಾವರಿ ಎಂಬ ಕಾದಂಬರಿಗೂ ಅವನು ಕೈಹಾಕಿದ್ದನೆಂದು ತಿಳಿದುಬಂದಿದೆ. ಅದರ ಹೆಸರು ಮಾತ್ರ ನಮಗೆ ಉಳಿದಿದೆ.

1901ರ ಫೆಬ್ರವರಿಯಲ್ಲಿ, ಮೂವತ್ತೊಂದು ವರ್ಷಗಳು ತುಂಬಿದ ಕೆಲವೇ ದಿನಗಳಲ್ಲಿ, ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ಮೃತನಾದನು. ಸತ್ತವನು ಉಡುಪಿಯವರಿಗೆ ವ್ಯಾಯಾಮದ ಉಪಾಧ್ಯಾಯನು. ಮೈಸೂರಿನ ಓದುಗರಿಗೆ ಮುದ್ದಣನು ಎಂದೋ ಗತಿಸಿದ ಕವಿ. ಇಬ್ಬರೂ ಒಬ್ಬನೇ ಎಂಬ ಸಂಗತಿಯು ಕೆಲವು ಮಂದಿ ಸ್ನೇಹಿತರ ನೆನಪಿನಲ್ಲಿ ಮಾತ್ರ ಉಳಿದಿತ್ತು. ಆ ನೆನಪನ್ನು ಪ್ರಮಾಣದ ಮಟ್ಟಕ್ಕೆ ತಂದು ಕರ್ತೃತ್ವವನ್ನು ನಿಸ್ಸಂದೇಹವಾಗಿ ಸ್ಥಾಪಿಸಿದವರು ಮಳಲಿ ಸುಬ್ಬರಾಯರು, ಪಂಜೆ ಮಂಗೇಶರಾಯರು, ಬೆನಗಲ್ ರಾಮರಾಯರು ಮೊದಲಾದ ಮಹನೀಯರು. 1929ರ ಹೊತ್ತಿಗೆ ಸಂಶಯವು ಪರಿಹಾರವಾಯಿತು. ಇವರು ಇನ್ನೊಂದು ತಲೆಮಾರು ತಡಮಾಡಿದ್ದರೆ ಕವಿಚರಿತೆಗಳಲ್ಲಿ ಮುದ್ದಣನ ಹೆಸರಿನ ಎದುರಿಗೆ ಊಹೆಯ ಒಂದು ಶತಮಾನವು ನಿಂತುಬಿಡುತ್ತಿತ್ತು.

ಪಠ್ಯಪುಸ್ತಕಗಳ ಮೂಲಕ ಮುದ್ದಣಮನೋರಮೆಯರ ಸಲ್ಲಾಪವು ಶಾಲಾಬಾಲಕರಿಗೂ ಪರಿಚಿತವಾಗಿದೆ. ಆದರೆ ಅಶ್ವವು ಹೊರಟ ಮೇಲಿನ ಕಥಾಭಾಗವನ್ನು ಓದುವವರು ಬಹಳ ಕಡಮೆ. ಸಲ್ಲಾಪವನ್ನು ಕಥೆಯಿಂದ ಕತ್ತರಿಸಿ ತೆಗೆದಾಗ ಮನೋರಮೆಯು ಬರಿಯ ಸರಸಿಯಾಗಿ ಉಳಿಯುತ್ತಾಳೆ. ಅವಳು ಯಾವ ಕಥೆಯನ್ನು ಕೇಳಿ ನಕ್ಕಳು, ಯಾವುದನ್ನು ಕೇಳಿ ಕಣ್ಣೀರಿಟ್ಟಳು ಎಂಬುದು ವಿದ್ಯಾರ್ಥಿಗೆ ತಿಳಿಯದೆ ಹೋಗುತ್ತದೆ. ಕರಾವಳಿಯಲ್ಲಿ ಮಾತ್ರ ಕವಿಗೆ ಬೇರೊಂದು ಬಾಳು ಇದೆ. ಅಲ್ಲಿ ಕುಮಾರವಿಜಯದ ಪದಗಳನ್ನು ಭಾಗವತರು ಇಂದಿಗೂ ಹಾಡುತ್ತಾರೆ. ರಾಮಾಶ್ವಮೇಧದ ಒಂದು ಪುಟವನ್ನೂ ತೆರೆಯದ ಪ್ರೇಕ್ಷಕರು ಬೆಳಗಾಗುವವರೆಗೂ ಕುಳಿತು ಅವನ್ನು ಕೇಳುತ್ತಾರೆ.